ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ಬಂದ ಮೇಲೆ ಮೊಬೈಲ್ ಬ್ರಾಡ್‌ಬ್ಯಾಂಡ್ ಕಾಣೆಯಾದರೆ



ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಕಾಫಿಗೆ ಕಾಯಿಕೊರಕದ ಹತೋಟಿ ಮುಂತಾದ ವಿಚಾರಗಳಿಗೆ ಮೀಸಲಾದ ಈ ಪುಟಗಳಲ್ಲಿ ಲ್ಯಾಪ್‌ಟಾಪಿನ ವಿಷಯ ಬರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಮ್ಮ ಬೆಳೆ ಕಣದಿಂದ ಹೊರಟು ಹಣವಾಗಿ ಮನೆಗೆ ಬರುವ ದಾರಿಯಲ್ಲಿ ಈಗ ಲ್ಯಾಪ್‌ಟಾಪೂ ಒಂದು ಗೇಟು. ಆ ಗೇಟು ತೆರೆಯದಿದ್ದರೆ ಮಾಲು ನಿಂತಲ್ಲೇ ನಿಲ್ಲುತ್ತದೆ.

ವಿಂಡೋಸ್ 10ಕ್ಕೆ ಉಚಿತ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದುದರಿಂದ ಸದಸ್ಯರಲ್ಲಿ ಅನೇಕರು, ಸಂಘದ ಕಛೇರಿಯೂ ಸೇರಿದಂತೆ, ವಿಂಡೋಸ್ 11ಕ್ಕೆ ಬದಲಾಯಿಸಿಕೊಂಡೆವು. ಬದಲಾಯಿಸಿಕೊಂಡವರಲ್ಲಿ ಕೆಲವರು ಕಛೇರಿಗೆ ಬಂದು ಹೇಳಿದ ಮಾತು ಒಂದೇ: "ಮೊನ್ನೆಯವರೆಗೆ ಸಿಮ್ ಹಾಕಿ ನೆಟ್ ಬರುತ್ತಿತ್ತು, ಈಗ ಆ ಗುರುತೇ ಇಲ್ಲ." ಪಟ್ಟಣದವರಿಗೆ ಇದು ದೊಡ್ಡ ಮಾತಲ್ಲ, ಅವರಿಗೆ ವೈಫೈ ಇದೆ, ಕೇಬಲ್ ಇದೆ. ಮಳೆಗಾಲದಲ್ಲಿ ಮರ ಬಿದ್ದರೆ ತಂತಿ ಹರಿದು ವಾರಗಟ್ಟಲೆ ಮಲಗುವ ನಮ್ಮ ಕಡೆ ಅನೇಕ ಮನೆಗಳಿಗೆ ಸಿಮ್ಮಿನ ಬ್ರಾಡ್‌ಬ್ಯಾಂಡೇ ಗತಿ. ಆದ್ದರಿಂದ ಈ ತೊಂದರೆಯ ಕಾರಣಗಳನ್ನೂ ಅದನ್ನು ಹುಡುಕುವ ಕ್ರಮವನ್ನೂ ತಿಳಿಸುವುದು ಅವಶ್ಯವೆಂದು ಭಾವಿಸಿದ್ದೇನೆ.

ಒಂದು ಸಂಜೆಯ ಅನುಭವ

2025ರ ಡಿಸೆಂಬರ್, ಕೊಯ್ಲಿನ ಭರ. ಹದಿನಾಲ್ಕು ಮಂದಿ ಸದಸ್ಯರ ರಾಶಿ ಇಡಿ ಅಡಿಕೆಯನ್ನು ತುಂಬಿಕೊಂಡ ಲಾರಿ ನಮ್ಮ ಉಗ್ರಾಣದ ಮುಂದೆ ನಿಂತಿತ್ತು. ಐವತ್ತು ಸಾವಿರ ರೂಪಾಯಿಗೆ ಮೀರಿದ ಮಾಲಿಗೆ ಇ-ವೇ ಬಿಲ್ ಇಲ್ಲದೆ ಲಾರಿ ಹೊರಡುವಂತಿಲ್ಲ. ಈ ನಿಯಮ ನಮ್ಮ ರಾಜ್ಯದಲ್ಲಿ 2018ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿದೆ. ಬಿಲ್ ಮಾಡಲು ಸಂಜೆ ನಾಲ್ಕಕ್ಕೆ ಕುಳಿತರೆ ನೆಟ್ ಇಲ್ಲ.

ಹಿಂದಿನ ಭಾನುವಾರ ಬಿಡುವಿದೆಯೆಂದು ನಾವೇ ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ಹಾಕಿಕೊಂಡಿದ್ದೆವು. ಹಾಕಿದ ಮೇಲೆ ಡಾಂಗಲ್ ಚುಚ್ಚಿ ಒಮ್ಮೆ ಪರೀಕ್ಷಿಸಿ ನೋಡಬೇಕೆಂಬ ಬುದ್ಧಿ ಯಾರಿಗೂ ಬರಲಿಲ್ಲ. ನಮ್ಮ ಕಛೇರಿ ತಗ್ಗಿನಲ್ಲಿದೆ. ಒಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಮಾಡಿನ ಮೇಲೆ ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿ, ಅದರ ತಂತಿಯನ್ನು ಏಳು ವರ್ಷದ ಹಳೆಯ 4ಜಿ ಡಾಂಗಲ್ಲಿಗೆ ಸಿಕ್ಕಿಸಿ ಕೆಲಸ ನಡೆಸುತ್ತಾ ಬಂದವರು ನಾವು.

ಆ ಸಂಜೆ ನಾವು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಮೂರು ಸಲ ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿದೆವು. ಗುಮಾಸ್ತ ಹುಡುಗ ಮಾಡಿಗೆ ಹತ್ತಿ ಆಂಟೆನಾ ತಿರುಗಿಸಿದ. ನಾನು ಅಂಗಳದ ಕೊನೆಗೆ ಹೋಗಿ ಸಿಮ್ ಕಂಪೆನಿಗೆ ಫೋನು ಹಚ್ಚಿ ಅರ್ಧ ಗಂಟೆ ಸಂಗೀತ ಕೇಳಿದೆ. ಅಷ್ಟರಲ್ಲಿ ಲಾರಿ ಚಾಲಕ ಎರಡು ಸಲ ಬಂದು, "ಏನ್ ಸಾರ್, ಬಿಲ್ ಆಯ್ತಾ?" ಎಂದು ಕೇಳಿ ಹೋದ. ಕತ್ತಲಾದ ಮೇಲೆ ಲ್ಯಾಪ್‌ಟಾಪ್, ಫೋನು, ಒಂದು ಕೇಬಲ್ ಹಿಡಿದುಕೊಂಡು ದೇವಸ್ಥಾನದ ದಿಣ್ಣೆ ಹತ್ತಿದೆವು. ಅಲ್ಲಿ ಫೋನಿನ ಮೂಲಕ ನೆಟ್ ಪಡೆದು, ಒಟಿಪಿ ಬಂದು, ಬಿಲ್ ಆಗುವಾಗ ರಾತ್ರಿ ಎಂಟೂವರೆ.

ಮರುದಿನ ಬೆಳಿಗ್ಗೆ ಸಾವಧಾನವಾಗಿ ನೋಡಿದಾಗ ದೋಷ ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು. ಆಂಟೆನಾ ಸರಿಯಿತ್ತು, ಸಿಮ್ ಸರಿಯಿತ್ತು, ಡಾಂಗಲ್ಲೂ ಸರಿಯಿತ್ತು. ತಪ್ಪಿದ್ದು ನಾವು ಹುಡುಕಿದ ಕ್ರಮದಲ್ಲಿ. ಸ್ಪ್ರಿಂಕ್ಲರಿನಲ್ಲಿ ನೀರು ಬಾರದಿದ್ದರೆ ತಿಳಿದವನು ಕಂಡ ಕಂಡ ಜೆಟ್ ಬಿಚ್ಚುತ್ತಾ ಕೂರುವುದಿಲ್ಲ. ಕೆರೆಯಿಂದ ಪಂಪಿಗೆ, ಪಂಪಿನಿಂದ ಮುಖ್ಯ ಪೈಪಿಗೆ, ಅಲ್ಲಿಂದ ಜಾಯಿಂಟಿಗೆ ಎಂದು ನೋಡುತ್ತಾ ನೀರು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಕಂಡುಕೊಳ್ಳುತ್ತಾನೆ. ಇಲ್ಲಿಯೂ ಹಾಗೆಯೇ.

ನಿಮ್ಮದು ಯಾವ ಬಗೆ?

ಮೊದಲು ನಿಮ್ಮಲ್ಲಿರುವುದು ಯಾವ ಬಗೆಯ ಮೊಬೈಲ್ ಬ್ರಾಡ್‌ಬ್ಯಾಂಡ್ ಎಂದು ತಿಳಿದುಕೊಳ್ಳಬೇಕು. ಮುಖ್ಯವಾಗಿ ಮೂರು ಬಗೆಗಳಿವೆ.

ಒಂದನೆಯದು, ಲ್ಯಾಪ್‌ಟಾಪಿನ ಒಳಗೇ ಕೂಡಿಸಿರುವ ಕಾರ್ಡು. ಇಂಥ ಲ್ಯಾಪ್‌ಟಾಪಿನ ಅಂಚಿನಲ್ಲೋ ಬ್ಯಾಟರಿಯ ಕೆಳಗೋ ಸಿಮ್ ಹಾಕುವ ಸಂದು ಇರುತ್ತದೆ. ಇದು ಸರಿಯಿದ್ದಾಗ ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ಅಂಡ್ ಇಂಟರ್‌ನೆಟ್' ಎಂಬಲ್ಲಿ 'ಸೆಲ್ಯುಲರ್' ಎಂಬ ಸಾಲು ಕಾಣುತ್ತದೆ. ವಿಂಡೋಸಿಗೆ ಕಾರ್ಡು ಗೊತ್ತಾದರೆ ಮಾತ್ರ ಆ ಸಾಲು ಬರುತ್ತದೆ, ಇಲ್ಲವಾದರೆ ಇರುವುದೇ ಇಲ್ಲ ಎಂಬುದನ್ನು ಗಮನಿಸಬೇಕು.

ಎರಡನೆಯದು, ಯುಎಸ್‌ಬಿ ಕಿಂಡಿಗೆ ಚುಚ್ಚುವ ಡಾಂಗಲ್. ಇವುಗಳಲ್ಲಿ ಹಳೆಯವು ಟೆಲಿಫೋನ್ ಮೋಡೆಮ್ಮಿನಂತೆ *99# ಎಂಬ ಸಂಖ್ಯೆಗೆ ಡಯಲ್ ಮಾಡಿ ಸಂಪರ್ಕ ಪಡೆಯುತ್ತವೆ. ಆಮೇಲಿನವುಗಳಲ್ಲಿ ಅನೇಕವು ಒಳಗಿನ ಕಾರ್ಡಿನಂತೆಯೇ 'ಸೆಲ್ಯುಲರ್' ಎಂದು ತೋರುತ್ತವೆ.

ಮೂರನೆಯದು, ತಾನೇ ಒಂದು ಪುಟ್ಟ ರೂಟರ್ ಆಗಿ ಕೆಲಸ ಮಾಡುವ ಡಾಂಗಲ್. ಇದು ಲ್ಯಾಪ್‌ಟಾಪಿಗೆ ಮಾಮೂಲಿ ಕೇಬಲ್ ನೆಟ್‌ವರ್ಕಿನಂತೆ ಕಾಣುತ್ತದೆ. 'ಸೆಲ್ಯುಲರ್' ಎಂಬ ಸಾಲು ಇದಕ್ಕೆ ಮೊದಲಿನಿಂದಲೂ ಇರುವುದಿಲ್ಲ. ಇಂಥದನ್ನು ಇಟ್ಟುಕೊಂಡವರು ಆ ಸಾಲು ಕಾಣದೆಂದು ಗಾಬರಿಯಾಗಬೇಕಿಲ್ಲ. 'ಈಥರ್‌ನೆಟ್' ಎಂಬಲ್ಲಿ ನೋಡತಕ್ಕದ್ದು.

ಡಾಂಗಲ್ಲಿನ ಒಂದು ಗುಟ್ಟು

ಅನೇಕ ಡಾಂಗಲ್ಲುಗಳು ಚುಚ್ಚಿದ ಕೂಡಲೇ ಮೋಡೆಮ್ ಆಗಿ ಕಾಣಿಸಿಕೊಳ್ಳುವುದಿಲ್ಲ. ಮೊದಲು ಒಂದು ಸಿಡಿಯಂತೆ ಕಾಣಿಸಿಕೊಳ್ಳುತ್ತವೆ. ಆ ಸಿಡಿಯೊಳಗೆ ಅವುಗಳದೇ ಸಂಪರ್ಕ ತಂತ್ರಾಂಶವಿರುತ್ತದೆ. ಅದನ್ನು ಒಮ್ಮೆ ಸ್ಥಾಪಿಸಿದ ಮೇಲೆ, ಪ್ರತಿ ಸಲ ಚುಚ್ಚಿದಾಗಲೂ ಆ ತಂತ್ರಾಂಶವೇ ಡಾಂಗಲ್ಲಿಗೆ ಸೂಚನೆ ಕೊಟ್ಟು ಸಿಡಿಯ ವೇಷ ಕಳಚಿ ಮೋಡೆಮ್ಮಿನ ವೇಷ ಹಾಕಿಸುತ್ತದೆ. ಹೊಸ ವಿಂಡೋಸ್ ಬಂದಾಗ ಈ ತಂತ್ರಾಂಶ ಬಿದ್ದುಹೋದರೆ ವೇಷ ಬದಲಿಸುವವರೇ ಇರುವುದಿಲ್ಲ. ಡಾಂಗಲ್ ಸಿಡಿಯಾಗಿಯೇ ಉಳಿಯುತ್ತದೆ. ದೀಪ ಮಿನುಗುತ್ತದೆ, 'ದಿಸ್ ಪಿಸಿ'ಯಲ್ಲಿ ಸಿಡಿಯ ಚಿತ್ರ ಕಾಣುತ್ತದೆ, ಆದರೆ ನೆಟ್ ಇಲ್ಲ. ನಮ್ಮ ಕಛೇರಿಯಲ್ಲಿ ಆದದ್ದು ಇದೇ.

ಪರೀಕ್ಷೆಯ ಕ್ರಮ

1. ಸಿಮ್. ಸಿಮ್ಮನ್ನು ತೆಗೆದು ಫೋನಿಗೆ ಹಾಕಿ, ಕರೆನ್ಸಿ ಮುಗಿದಿಲ್ಲವೆಂದೂ ಡೇಟಾ ಬರುತ್ತದೆಂದೂ ಖಚಿತಪಡಿಸಿಕೊಳ್ಳಿ. ಸಿಮ್ಮಿಗೆ ಪಿನ್ ಸಂಖ್ಯೆ ಇಟ್ಟಿದ್ದರೆ ಎಚ್ಚರ: ಮೂರು ಸಲ ತಪ್ಪಾಗಿ ಒತ್ತಿದರೆ ಅದು ಬೀಗ ಹಾಕಿಕೊಂಡು ಪಿಯುಕೆ ಸಂಖ್ಯೆ ಕೇಳುತ್ತದೆ. ಆ ಸಂಖ್ಯೆಯನ್ನು ಊಹಿಸಿ ಒತ್ತಲು ಹೋಗಬೇಡಿ. ಹತ್ತು ಸಲ ತಪ್ಪಿದರೆ ಸಿಮ್ ನಿಷ್ಪ್ರಯೋಜಕವಾಗುತ್ತದೆ.

2. ಡಾಂಗಲ್. ಸಾಧ್ಯವಿದ್ದರೆ ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ನೋಡಿ. ಅಲ್ಲಿ ನಡೆದರೆ ದೋಷ ನಿಮ್ಮ ಲ್ಯಾಪ್‌ಟಾಪಿನಲ್ಲಿದೆ ಎಂದು ಇತ್ಯರ್ಥವಾಯಿತು. ಅಲ್ಲಿಯೂ ನಡೆಯದಿದ್ದರೆ ವಿಂಡೋಸನ್ನು ದೂರುವುದು ವ್ಯರ್ಥ. ಬರೀ 3ಜಿ ಮಾತ್ರ ಬಲ್ಲ ಹಳೆಯ ಡಾಂಗಲ್ ಆಗಿದ್ದರೆ, ಕೆಲವು ಕಂಪೆನಿಗಳು 3ಜಿ ಸೇವೆಯನ್ನೇ ಹಿಂತೆಗೆದುಕೊಂಡಿರುವುದನ್ನು ನೆನಪಿನಲ್ಲಿಡಬೇಕು. 2016ರಲ್ಲಿ ಸೇವೆ ಆರಂಭಿಸಿದ ಜಿಯೋದಲ್ಲಂತೂ 3ಜಿ ಎಂಬುದು ಮೊದಲಿನಿಂದಲೂ ಇಲ್ಲ.

3. ಕಿಂಡಿ. ಡಾಂಗಲ್ಲನ್ನು ಹಬ್ ಅಥವಾ ಉದ್ದನೆಯ ವಿಸ್ತರಣಾ ತಂತಿಯ ಮೂಲಕ ಬಿಟ್ಟು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿ. ಒಂದು ಕಿಂಡಿಯಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ನೋಡಿ.

4. ಏರ್‌ಪ್ಲೇನ್ ಮೋಡ್. ಇದು ಚಾಲೂ ಇದ್ದರೆ ಒಳಗಿನ ಕಾರ್ಡು ಮಾತನಾಡುವುದಿಲ್ಲ. ಪರದೆಯ ಬಲಮೂಲೆಯಲ್ಲಿ ನೆಟ್‌ವರ್ಕ್ ಚಿತ್ರವನ್ನು ಒತ್ತಿದರೆ ಗೊತ್ತಾಗುತ್ತದೆ.

5. ಡಿವೈಸ್ ಮ್ಯಾನೇಜರ್. ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿದರೆ ಬರುವ ಪಟ್ಟಿಯಲ್ಲಿ ಇದು ಸಿಗುತ್ತದೆ. ತೆರೆದು 'ನೆಟ್‌ವರ್ಕ್ ಅಡಾಪ್ಟರ್ಸ್', 'ಮೋಡೆಮ್ಸ್', 'ಅದರ್ ಡಿವೈಸಸ್' ಎಂಬ ಮೂರು ತಲೆಬರಹಗಳ ಕೆಳಗೆ ನೋಡಿ. ಹಳದಿ ತ್ರಿಕೋನದ ಅಥವಾ ಕೆಳಮುಖ ಬಾಣದ ಗುರುತು ಇದ್ದರೆ ಅದರ ಮೇಲೆ ಎರಡು ಸಲ ಒತ್ತಿದಾಗ ಒಂದು ಸಂಕೇತ ಸಂಖ್ಯೆ ಬರುತ್ತದೆ. ಕೋಡ್ 22 ಎಂದರೆ ಸಾಧನವನ್ನು ನಿಷ್ಕ್ರಿಯಗೊಳಿಸಲಾಗಿದೆ. ಬಲ ಕ್ಲಿಕ್ ಮಾಡಿ 'ಎನೇಬಲ್' ಎಂದರೆ ಸಾಕು. ಕೋಡ್ 28 ಎಂದರೆ ಡ್ರೈವರ್ ಇಲ್ಲ. ಕೋಡ್ 10 ಎಂದರೆ ಸಾಧನ ಆರಂಭವಾಗುತ್ತಿಲ್ಲ. ಕೋಡ್ 52 ಎಂದರೆ ಡ್ರೈವರ್ ಇದೆ, ಆದರೆ ಅದರ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. ಇಲ್ಲಿ ಡ್ರೈವರ್ ಎಂದರೆ ಲಾರಿಯ ಡ್ರೈವರ್ ಅಲ್ಲ. ವಿಂಡೋಸಿಗೂ ಸಾಧನಕ್ಕೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ಚಿಕ್ಕ ತಂತ್ರಾಂಶ.

ಈ ಪಟ್ಟಿಯಲ್ಲಿ ಸಾಧನದ ಸುಳಿವೇ ಇಲ್ಲದೆ ಬರೀ ಸಿಡಿಯೊಂದು ಹೆಚ್ಚಾಗಿ ಕಂಡರೆ ಮೇಲೆ ಹೇಳಿದ ವೇಷದ ಪ್ರಕರಣ. ಒಳಗಿನ ಕಾರ್ಡಿನ ಸುಳಿವೇ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಬಯಾಸ್‌ನಲ್ಲಿ ಅದನ್ನು ಮುಚ್ಚಲಾಗಿದೆಯೇ ಎಂದು ತಿಳಿದವರಿಂದ ನೋಡಿಸಿ.

6. ಸೇವೆ. ಹುಡುಕುವ ಜಾಗದಲ್ಲಿ 'ಸರ್ವೀಸಸ್' ಎಂದು ಬರೆದು ತೆರೆದರೆ ಉದ್ದನೆಯ ಪಟ್ಟಿ ಬರುತ್ತದೆ. ಕೊನೆಯ ಭಾಗದಲ್ಲಿ 'ಡಬ್ಲ್ಯುವ್ಯಾನ್ ಆಟೋಕಾನ್ಫಿಗ್' ಎಂಬುದಿದೆ. ಸಾಧನ ಸರಿಯಾಗಿ ಕಾಣುತ್ತಿದ್ದು 'ಸೆಲ್ಯುಲರ್' ಸಾಲು ಮಾತ್ರ ಇಲ್ಲವಾದರೆ ಈ ಸೇವೆ ನಿಂತಿರುವ ಸಂಭವವಿದೆ. 'ಸ್ಟಾರ್ಟ್' ಒತ್ತಿ ಆರಂಭಿಸಿ.

7. ಎಪಿಎನ್. ಸಾಲು ಬಂದು, ಸಿಗ್ನಲ್ ಕಡ್ಡಿಗಳೂ ಬಂದು, ಪುಟ ಮಾತ್ರ ತೆರೆಯದಿದ್ದರೆ ಎಪಿಎನ್ ಎಂಬ ಹೆಸರು ಅಳಿಸಿಹೋಗಿರಬಹುದು. ಸಿಮ್ ಕಂಪೆನಿಯ ಜಾಲಕ್ಕೆ ಪ್ರವೇಶಿಸುವ ಬಾಗಿಲಿನ ಹೆಸರು ಅದು. ಬಿಎಸ್‌ಎನ್‌ಎಲ್‌ಗೆ 'ಬಿಎಸ್‌ಎನ್‌ಎಲ್‌ನೆಟ್', ಜಿಯೋಗೆ 'ಜಿಯೋನೆಟ್' ಎಂಬವು ಬಳಕೆಯಲ್ಲಿರುವ ಹೆಸರುಗಳು. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಹೊಸ ಎಪಿಎನ್ ಸೇರಿಸುವ ಅವಕಾಶ 'ಸೆಲ್ಯುಲರ್' ಪುಟದಲ್ಲಿಯೇ ಇದೆ. ಡಯಲ್ ಮಾಡುವ ಹಳೆಯ ಡಾಂಗಲ್ಲಾದರೆ ಅದರ ತಂತ್ರಾಂಶದ ಪ್ರೊಫೈಲ್ ಪುಟದಲ್ಲಿ ಇದನ್ನೂ *99# ಸಂಖ್ಯೆಯನ್ನೂ ತುಂಬಿಸಿ.

ಕೀಲಿಕೈ ಒಳಗೇ ಉಳಿದಾಗ

ಕೋಡ್ 28 ಬಂತೆನ್ನೋಣ. ಡ್ರೈವರನ್ನು ನೆಟ್ಟಿನಿಂದ ಇಳಿಸಿಕೊಳ್ಳಬೇಕು. ನೆಟ್ ಬರಲು ಡ್ರೈವರ್ ಬೇಕು. ಕೀಲಿಕೈಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡಂತಾಯಿತು. ಇದಕ್ಕೆ ಸುಲಭದ ಉಪಾಯವೆಂದರೆ ಆಂಡ್ರಾಯ್ಡ್ ಫೋನು. ಚಾರ್ಜಿಂಗ್ ಕೇಬಲ್ಲಿನಿಂದ ಫೋನನ್ನು ಲ್ಯಾಪ್‌ಟಾಪಿಗೆ ಸೇರಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ 'ಯುಎಸ್‌ಬಿ ಟೆದರಿಂಗ್' ಎಂಬುದನ್ನು ಒತ್ತಿದರೆ ಲ್ಯಾಪ್‌ಟಾಪಿಗೆ ನೆಟ್ ಬರುತ್ತದೆ. ಸಾಮಾನ್ಯವಾಗಿ ಇದಕ್ಕೆ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಚಾರ್ಜ್ ಮಾತ್ರ ಆಗುವ ಅಗ್ಗದ ಕೇಬಲ್ಲಾದರೆ ನಡೆಯದು. ಫೋಟೋ ವರ್ಗಾಯಿಸಲು ಆಗುವಂಥ ಕೇಬಲ್ಲೇ ಬೇಕು. ಮನೆಯಲ್ಲಿ ಸಿಗ್ನಲ್ ಇಲ್ಲದವರು ನಮ್ಮಂತೆ ದಿಣ್ಣೆ ಹತ್ತಬೇಕು.

ನೆಟ್ ಬಂದ ಮೇಲೆ ಮೊದಲು 'ವಿಂಡೋಸ್ ಅಪ್‌ಡೇಟ್' ಪುಟದ 'ಅಡ್ವಾನ್ಸ್‌ಡ್ ಆಪ್ಷನ್ಸ್' ಒಳಗೆ 'ಆಪ್ಷನಲ್ ಅಪ್‌ಡೇಟ್ಸ್' ನೋಡಿ. ಅಲ್ಲಿ ಡ್ರೈವರ್ ಸಿದ್ಧವಾಗಿರುವುದುಂಟು. ಇಲ್ಲದಿದ್ದರೆ ಒಳಗಿನ ಕಾರ್ಡಿಗೆ ಲ್ಯಾಪ್‌ಟಾಪ್ ತಯಾರಕರ ಪುಟದಿಂದ, ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾದರಿ ಸಂಖ್ಯೆಯನ್ನು ಕೊಟ್ಟು ಇಳಿಸಿಕೊಳ್ಳಬೇಕು. ಡಾಂಗಲ್ಲಿಗೆ ಅದರ ತಯಾರಕರ ಪುಟದಿಂದ. ಡ್ರೈವರ್ ಕೊಡುತ್ತೇವೆಂದು ಕರೆಯುವ ಅಪರಿಚಿತ ಪುಟಗಳಿಂದ ಏನನ್ನೂ ಇಳಿಸಬಾರದು. ಸಂಘದ ಬ್ಯಾಂಕ್ ವ್ಯವಹಾರ ನಡೆಯುವ ಲ್ಯಾಪ್‌ಟಾಪಿಗಂತೂ ಸರ್ವಥಾ ಕೂಡದು.

ನಮ್ಮ ಡಾಂಗಲ್ಲಿನ ಸಿಡಿಯಲ್ಲಿದ್ದ ತಂತ್ರಾಂಶ ಹಳೆಯದಾಗಿ ಹೊಸ ವಿಂಡೋಸಿನಲ್ಲಿ ಕೂರಲಿಲ್ಲ. ತಯಾರಕರ ಪುಟದಲ್ಲಿದ್ದ ಹೊಸ ಆವೃತ್ತಿ ಕೂತಿತು. ಕೂತ ಕೂಡಲೇ ಡಾಂಗಲ್ ಸಿಡಿಯ ವೇಷ ಬಿಟ್ಟಿತು, 'ಸೆಲ್ಯುಲರ್' ಸಾಲು ಬಂತು. ಎಪಿಎನ್ ಜಾಗ ಖಾಲಿಯಿತ್ತು, ತುಂಬಿಸಿದೆವು. ಅಷ್ಟೇ ಕೆಲಸ.

ಎರಡು ತೊಡಕುಗಳು

ವಿಂಡೋಸ್ 11ರಲ್ಲಿ 32 ಬಿಟ್ ಎಂಬ ಆವೃತ್ತಿಯೇ ಇಲ್ಲ. ಎಲ್ಲವೂ 64 ಬಿಟ್. ಹಿಂದೆ 32 ಬಿಟ್ ವಿಂಡೋಸ್ ಇದ್ದ ಲ್ಯಾಪ್‌ಟಾಪಿಗೆ ಅಂಗಡಿಯವರು ಎಲ್ಲ ಅಳಿಸಿ ಹೊಸತು ಹಾಕಿಕೊಟ್ಟಿದ್ದರೆ, ಅಂದಿನ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ಜೋಪಾನ ಮಾಡಿದ್ದರೂ ಅದು ಇಲ್ಲಿ ಕೆಲಸಕ್ಕೆ ಬಾರದು. 64 ಬಿಟ್‌ನದೇ ಬೇಕು.

ಇನ್ನೊಂದು, 'ವಿಂಡೋಸ್ ಸೆಕ್ಯುರಿಟಿ'ಯ 'ಕೋರ್ ಐಸೊಲೇಷನ್' ಪುಟದಲ್ಲಿರುವ 'ಮೆಮೊರಿ ಇಂಟೆಗ್ರಿಟಿ' ಎಂಬ ಕಾವಲು. ಇದು ಚಾಲೂ ಇದ್ದಾಗ ಕೆಲವು ಹಳೆಯ ಡ್ರೈವರುಗಳನ್ನು ಒಳಗೆ ಬಿಡುವುದಿಲ್ಲ. ಅದನ್ನು ಆರಿಸಿದರೆ ನೆಟ್ ಬರುತ್ತದೆಂದು ಹೇಳಿಕೊಡುವವರಿದ್ದಾರೆ. ಬೇಲಿ ಕಿತ್ತು ದನಕ್ಕೆ ದಾರಿ ಮಾಡಿಕೊಟ್ಟಂತೆ ಅದು. ಹೊಸ ಡ್ರೈವರೇ ಸಿಗದಂಥ ಡಾಂಗಲ್ಲಾದರೆ ಕಾವಲು ತೆಗೆಯುವುದಕ್ಕಿಂತ ಡಾಂಗಲ್ ಬದಲಿಸುವುದು ಲೇಸು.

ಕೊನೆಯ ಉಪಾಯಗಳು

ಮೇಲಿನ ಯಾವುದರಿಂದಲೂ ಆಗದಿದ್ದರೆ 'ಅಡ್ವಾನ್ಸ್‌ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್' ಒಳಗೆ 'ನೆಟ್‌ವರ್ಕ್ ರೀಸೆಟ್' ಎಂಬುದಿದೆ. ಇದು ಎಲ್ಲ ನೆಟ್‌ವರ್ಕ್ ಸಾಧನಗಳನ್ನು ಕಿತ್ತು ಮತ್ತೆ ಹೊಸದಾಗಿ ಕೂರಿಸುತ್ತದೆ. ಉಳಿಸಿಟ್ಟ ವೈಫೈ ಗುಪ್ತಪದಗಳು ಹೋಗುತ್ತವೆ, ವಿಪಿಎನ್ ಇದ್ದರೆ ಮತ್ತೆ ಹಾಕಬೇಕಾಗುತ್ತದೆ. ಆದ್ದರಿಂದ ಇದನ್ನು ಮೊದಲ ಉಪಾಯವಾಗಿ ಮಾಡಬಾರದು.

ಹಳೆಯ ವಿಂಡೋಸಿಗೆ ಹಿಂದಿರುಗುವ ದಾರಿಯೂ ಇದೆ. 'ಸಿಸ್ಟಂ' ಪುಟದ 'ರಿಕವರಿ' ಎಂಬಲ್ಲಿ 'ಗೋ ಬ್ಯಾಕ್' ಎಂದಿದೆ. ಆದರೆ ಅದು ತೆರೆದಿರುವುದು ಬದಲಾಯಿಸಿಕೊಂಡ ದಿನದಿಂದ 10 ದಿನ ಮಾತ್ರ. ಎಲ್ಲ ಅಳಿಸಿ ಹೊಸತು ಹಾಕಿಸಿದವರಿಗೆ ಅಷ್ಟೂ ಇಲ್ಲ. ಆದುದರಿಂದ ಬದಲಾವಣೆಯಾದ ಮೊದಲ ವಾರದಲ್ಲಿಯೇ ಡಾಂಗಲ್, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್, ತೂಕದ ಯಂತ್ರದ ತಂತಿ ಎಲ್ಲವನ್ನೂ ಒಂದೊಂದಾಗಿ ಚುಚ್ಚಿ ಪರೀಕ್ಷಿಸಿಬಿಡಬೇಕು.

ಬದಲಾಯಿಸುವ ಮುನ್ನ

ಇನ್ನೂ ಬದಲಾಯಿಸದ ಸದಸ್ಯರು ಈ ಕೆಳಗಿನ ಮುನ್ನೆಚ್ಚರಿಕೆಗಳನ್ನು ಪಾಲಿಸಬೇಕೆಂದು ವಿನಂತಿ.

ಡಾಂಗಲ್ಲಿನ ಅಥವಾ ಒಳಗಿನ ಕಾರ್ಡಿನ ಹೆಸರು, ಮಾದರಿ ಸಂಖ್ಯೆ ಮತ್ತು ಈಗ ನಡೆಯುತ್ತಿರುವ ಎಪಿಎನ್ ಇವನ್ನು ಕಾಗದದ ಮೇಲೆ ಬರೆದಿಡಿ. ಲ್ಯಾಪ್‌ಟಾಪಿನಲ್ಲೇ ಬರೆದಿಟ್ಟರೆ ಬೇಕಾದಾಗ ಸಿಗದು.

ವಿಂಡೋಸ್ 11ಕ್ಕೆ ಹೊಂದುವ ಡ್ರೈವರ್ ಇದೆಯೇ ಎಂದು ತಯಾರಕರ ಪುಟದಲ್ಲಿ ನೋಡಿ, ಇದ್ದರೆ ಮೊದಲೇ ಇಳಿಸಿ ಪೆನ್‌ಡ್ರೈವಿನಲ್ಲಿಡಿ. ಇಲ್ಲವೆಂದಾದರೆ ಹೊಸ ಡಾಂಗಲ್ಲಿನ ಖರ್ಚನ್ನೂ ಬದಲಾವಣೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಫೋನಿನ ಟೆದರಿಂಗ್ ನಿಮ್ಮ ಲ್ಯಾಪ್‌ಟಾಪಿನೊಡನೆ ನಡೆಯುತ್ತದೆಯೇ ಎಂದು ಒಂದು ಸಲ ಮಾಡಿ ನೋಡಿ. ಮನೆಯ ಸುತ್ತ ಸಿಗ್ನಲ್ ಎಲ್ಲಿ ಸಿಗುತ್ತದೆಂಬುದನ್ನೂ ಗುರುತು ಮಾಡಿಕೊಳ್ಳಿ.

ದಿನವನ್ನು ನೋಡಿ ಆರಿಸಿಕೊಳ್ಳಿ. ಕೊಯ್ಲಿನ ನಡುವೆ, ಲಾರಿ ಹೊರಡುವ ಮುನ್ನಾದಿನ, ಜಿಎಸ್‌ಟಿ ರಿಟರ್ನಿನ 20ನೆಯ ತಾರೀಖಿನ ಹತ್ತಿರ ಈ ಕೆಲಸಕ್ಕೆ ಕೈಹಾಕಬೇಡಿ. ಕಸಿ ಮಾಡಲು ಕಾಲ ನೋಡುವ ನಾವು ಇದಕ್ಕೂ ಕಾಲ ನೋಡುವುದರಲ್ಲಿ ತಪ್ಪಿಲ್ಲ.

ಇನ್ನೊಂದು ಮಾತು. ಆ ರಾತ್ರಿ ಲಾರಿ ಹೊರಟಿತು, ಸದಸ್ಯರ ಹಣ ಬರುವುದು ತಡವಾಗಲಿಲ್ಲ. ಆದರೆ ದಿಣ್ಣೆಯ ಮೇಲೆ ಫೋನಿಗೂ ಸಿಗ್ನಲ್ ಸಿಗದೇ ಹೋಗಿದ್ದರೆ ಹದಿನಾಲ್ಕು ಮನೆಗಳಿಗೆ ಕಾರ್ಯದರ್ಶಿ ಏನು ಉತ್ತರ ಹೇಳಬೇಕಿತ್ತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದಕ್ಕಾಗಿ ಸಂಘದ ಕಛೇರಿಯಲ್ಲಿ ಈಗ ಒಂದು ಹಳೆಯ ರಟ್ಟಿನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಡಾಂಗಲ್ಲಿನ ಮಾದರಿ, ಎಪಿಎನ್, ಮೇಲಿನ ಏಳು ಪರೀಕ್ಷೆಗಳ ಕ್ರಮ ಎಲ್ಲವನ್ನೂ ಬರೆದಿಟ್ಟಿದ್ದೇವೆ. ಪಕ್ಕದಲ್ಲಿ ಡ್ರೈವರ್ ಇರುವ ಪೆನ್‌ಡ್ರೈವ್ ನೂಲಿನಲ್ಲಿ ಕಟ್ಟಿದೆ. ಯಾವ ಸದಸ್ಯರಾದರೂ ಕಛೇರಿ ವೇಳೆಯಲ್ಲಿ ಬಂದು ನಕಲು ಮಾಡಿಕೊಳ್ಳಬಹುದು. ಬರುವಾಗ ತಮ್ಮ ಲ್ಯಾಪ್‌ಟಾಪ್ ಮತ್ತು ಡಾಂಗಲ್ ಎರಡನ್ನೂ ತರಬೇಕೆಂದು ಕೋರುತ್ತೇನೆ. ಒಂದನ್ನೇ ತಂದರೆ ದೋಷ ಮನೆಯಲ್ಲೇ ಉಳಿದಿರುತ್ತದೆ.

— ಕಾರ್ಯದರ್ಶಿ